ಖಾತೆಯಲ್ಲಿ ದುಡ್ಡು ಉಳಿದರೆ ಅಂಗವಿಕಲರ ಮಾಸಾಶನ ನಿಂತುಹೋಗುತ್ತಾ?

ಸೂಜಿದಾರ, ಹರಿಹರ

ಎಲ್ಲರಿಗೂ ನಮಸ್ಕಾರ. ನನಗೆ ಎರಡೂ ಕಾಲಿಗೆ ಪೋಲಿಯೊ. ಸರ್ಟಿಫಿಕೇಟಿನಲ್ಲಿ 78% ಇದೆ. ತಿಂಗಳಿಗೆ 1,400 ರೂಪಾಯಿ ಮಾಸಾಶನ ಬರುತ್ತದೆ. ಮನೆಯಲ್ಲೇ ಕೂತು ಸೀರೆಗೆ ಫಾಲ್ಸ್ ಹಾಕುತ್ತೇನೆ, ಕುಚ್ಚು ಕಟ್ಟುತ್ತೇನೆ, ಅಷ್ಟಿಷ್ಟು ಬ್ಲೌಸ್ ಹೊಲಿಯುತ್ತೇನೆ. ನನ್ನದು ಕೈಯಲ್ಲಿ ತಿರುಗಿಸುವ ಮಿಷನ್. ಬಲಗೈ ಹಿಡಿ ತಿರುಗಿಸುತ್ತಾ ಇರಬೇಕು, ಬಟ್ಟೆ ಹಿಡಿಯಲು ಎಡಗೈ ಒಂದೇ. ಪೆಡಲ್ ಇಲ್ಲದೆ ಗುಂಡಿ ಒತ್ತಿದರೆ ಓಡುವ ಮಿಷನ್ ತಗೊಳ್ಳಬೇಕು ಅಂತ ಆಸೆ. ಅಂಗಡಿಯಲ್ಲಿ 15,000ದ ಹತ್ತಿರ ಹೇಳಿದರು.

ಉಳಿಸೋಣ ಅಂದರೆ ಎಲ್ಲರೂ ಹೆದರಿಸುತ್ತಾರೆ. "ಖಾತೆಯಲ್ಲಿ ದುಡ್ಡು ಬಿಡಬೇಡ, ಇವಳಿಗೆ ಅನುಕೂಲ ಇದೆ ಅಂತ ಸರ್ಕಾರ ಮಾಸಾಶನ ನಿಲ್ಲಿಸುತ್ತದೆ" ಅಂತ ಸೈಬರ್ ಅಂಗಡಿಯವರು ಹೇಳಿದರು. ಅದಕ್ಕೇ ಬಂದ ದಿನವೇ ಪೂರ್ತಿ ತೆಗೆದುಬಿಡುತ್ತೇವೆ. ಮನೆಯಲ್ಲಿದ್ದ ದುಡ್ಡು ಮನೆಗೇ ಖರ್ಚಾಗುತ್ತದೆ, ಗೊತ್ತಲ್ಲ. ಅಮ್ಮ "ನನ್ನ ಖಾತೆಗೆ ಹಾಕು, ನನ್ನ ಹೆಸರಲ್ಲಿ ಇರಲಿ" ಅನ್ನುತ್ತಾರೆ. ಹಾಗೆ ಮಾಡಬಹುದಾ? ನಿಯಮ ನಿಜವಾಗಿ ಏನಿದೆ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಪಂಚಾಯ್ತಿ ವಿಆರ್‌ಡಬ್ಲ್ಯೂ, ರಾಣೆಬೆನ್ನೂರು ತಾಲ್ಲೂಕು

ಅಕ್ಕ, ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ನಾನೂ ಅಂಗವಿಕಲನೇ. ಈ ಪ್ರಶ್ನೆ ನನ್ನ ಪಂಚಾಯ್ತಿಯಲ್ಲಿ ಮನೆಮನೆಯಲ್ಲೂ ಇದೆ.

ಅಂಗವಿಕಲರ ಮಾಸಾಶನಕ್ಕೆ ನೋಡುವುದು ಕುಟುಂಬದ ವರ್ಷದ ಆದಾಯ. ಮಿತಿ 32,000 ರೂಪಾಯಿ. ಅದಕ್ಕೆ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಬಂದ ಮಾಸಾಶನದಲ್ಲಿ ನೀವು ಎಷ್ಟು ಖರ್ಚು ಮಾಡಿದಿರಿ, ಎಷ್ಟು ಉಳಿಸಿದಿರಿ ಅಂತ ಯಾರೂ ಲೆಕ್ಕ ಕೇಳುವುದಿಲ್ಲ. ಉಳಿಸಿದ 500 ರೂಪಾಯಿ ಹೊಸ ಆದಾಯ ಆಗುವುದಿಲ್ಲ. ಅದು ನಿಮ್ಮದೇ ದುಡ್ಡು.

ಹಾಗಾದರೆ ಊರಲ್ಲಿ ಮಾಸಾಶನ ನಿಂತವರು ಇದ್ದಾರಲ್ಲ, ಅದು ಯಾಕೆ? ನಾನು ಕಂಡ ಮಟ್ಟಿಗೆ ಎಲ್ಲಾ ಕಾಗದಪತ್ರದ ಕಾರಣಗಳೇ. ಕೆಲವರದು ತಾತ್ಕಾಲಿಕ ಸರ್ಟಿಫಿಕೇಟ್, ಅವಧಿ ಮುಗಿದಿರುತ್ತದೆ, ಹೊಸದು ಮಾಡಿಸಿರುವುದಿಲ್ಲ. ಕೆಲವರ ಹೆಸರು ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ. ಇನ್ನು ಕೆಲವರು ಪರಿಶೀಲನೆಗೆ ಬಂದಾಗ ಮಗಳ ಮನೆಗೆ ಹೋಗಿರುತ್ತಾರೆ, "ವಿಳಾಸದಲ್ಲಿ ಇಲ್ಲ" ಅಂತ ಬರೆದುಕೊಂಡು ಹೋಗುತ್ತಾರೆ. ಇವರಲ್ಲಿ ಒಬ್ಬರ ಪಾಸ್‌ಬುಕ್ಕಿನಲ್ಲಿ ನಾಲ್ಕು ಕಾಸು ಇದ್ದರೆ ಸಾಕು, "ಉಳಿಸಿದ್ದಕ್ಕೆ ನಿಂತಿತು" ಅಂತ ಇಡೀ ಊರು ಮಾತಾಡುತ್ತದೆ.

ಇನ್ನೊಂದು ಮಾತು. ಮಿಷನ್‌ಗೆ ದುಡ್ಡು ಹಾಕುವ ಮೊದಲು ಅರ್ಜಿ ಹಾಕಿ ನೋಡಿ. ವಿಕಲಚೇತನರ ಇಲಾಖೆ ಹೊಲಿಗೆ ಯಂತ್ರಕ್ಕೆ ಆಗಾಗ ಅರ್ಜಿ ಕರೆಯುತ್ತದೆ. ಊರಿನ ಸ್ಥಳೀಯ ಸಂಸ್ಥೆಯ ಸ್ವಂತ ಆದಾಯದಲ್ಲೂ 5% ಅಂಗವಿಕಲರಿಗೆ ಮೀಸಲು. ನೀವು ನಗರಸಭೆ ವ್ಯಾಪ್ತಿಯಲ್ಲಿದ್ದರೆ ಅಲ್ಲಿನ ಯುಆರ್‌ಡಬ್ಲ್ಯೂ, ಅಂದರೆ ನಗರ ಪುನರ್ವಸತಿ ಕಾರ್ಯಕರ್ತ, ಯಾರು ಅಂತ ವಿಚಾರಿಸಿ.

ಹಮಾಲರ ಓಣಿ, ಸಿಂಧನೂರು

ಎಲ್ಲಾ ಸರಿ ಅಣ್ಣ, ಆದರೆ ಉಳಿಸುವುದು ಎಲ್ಲಿಂದ? ನನಗೆ ಮಂಡಿಯಿಂದ ಕೆಳಗೆ ಒಂದು ಕಾಲಿಲ್ಲ. 60% ಕೊಟ್ಟಿದ್ದಾರೆ. 75% ದಾಟದವರಿಗೆ 800 ರೂಪಾಯಿ. ವರ್ಷಕ್ಕೆ 9,600. ಕೇಂದ್ರದ ಪಾಲು 80% ಮೇಲಿದ್ದವರಿಗೆ ಮಾತ್ರ, ಅದೂ 300 ರೂಪಾಯಿ, 2012ರಿಂದ ಅಲ್ಲೇ ನಿಂತಿದೆ. ಆಗ ಸಿಲಿಂಡರ್ ಎಷ್ಟಿತ್ತು, ಈಗ ಎಷ್ಟಿದೆ?

ಆ 32,000ದ ಮಿತಿಯನ್ನೂ ನೋಡಿ. ತಿಂಗಳಿಗೆ 2,666 ರೂಪಾಯಿ. ಇಡೀ ಕುಟುಂಬಕ್ಕೆ! ನಾನು ಯಾವುದಾದರೂ ಗೋದಾಮಿನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿದರೆ ಒಂದೇ ತಿಂಗಳ ಸಂಬಳದಲ್ಲಿ ಅದರ ಮೂರನೇ ಒಂದು ಪಾಲು ಆಗಿಹೋಗುತ್ತದೆ. ದುಡಿದರೆ ಮಾಸಾಶನ ಹೋಗುತ್ತದೆ, ದುಡಿಯದಿದ್ದರೆ ಹೊಟ್ಟೆ ತುಂಬುವುದಿಲ್ಲ. ಉಳಿತಾಯದ ಮಾತಾಡುವ ಮೊದಲು ಈ ಮಿತಿ ಏರಿಸಬೇಕು ಅಂತ ನಾವೆಲ್ಲ ಕೇಳಬೇಕು. ಸೂಜಿದಾರ ಅಕ್ಕನ ಮೇಲೆ ಸಿಟ್ಟಿಲ್ಲ, ಅವರು ಕೇಳಿದ್ದು ಸರಿಯಾಗಿಯೇ ಇದೆ.

ಲೆಡ್ಜರ್ ರಾಯರು, ಧಾರವಾಡ

ಸಿಂಧನೂರಿನ ತಮ್ಮ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಮಿತಿ ಏರಲೇಬೇಕು. ಅದು ಏರುವ ತನಕ ಕೈಯಲ್ಲಿರುವುದನ್ನು ಹೇಗೆ ಕಾಪಾಡಿಕೊಳ್ಳುವುದು ಅನ್ನುವುದಷ್ಟೇ ನನಗೆ ಗೊತ್ತಿರುವ ವಿಷಯ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು ನಾನು.

"ಉಳಿಸಿದ್ದಕ್ಕೆ ನಿಂತಿತು" ಅನ್ನುವ ಕಥೆ ಹುಟ್ಟುವ ಇನ್ನೊಂದು ಜಾಗ ಹೇಳುತ್ತೇನೆ, ಕೌಂಟರಿನಲ್ಲಿ ಕೂತು ಬಹಳ ನೋಡಿದ್ದೇನೆ. ಮಾಸಾಶನ ಆಧಾರ್ ಮೂಲಕ ಬರುವಾಗ ಅದು ನಿಮ್ಮ ಖಾತೆ ಸಂಖ್ಯೆಯನ್ನು ನೋಡುವುದಿಲ್ಲ. ಸರ್ಕಾರದ ಹಣಕ್ಕೆ ನಿಮ್ಮ ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಉಳಿಸೋಣ ಅಂತ ಒಬ್ಬರು ಬೇರೆ ಬ್ಯಾಂಕಿನಲ್ಲಿ ಹೊಸ ಖಾತೆ ತೆಗೆಯುತ್ತಾರೆ. ಅರ್ಜಿಯಲ್ಲಿ "ಸರ್ಕಾರದ ಸಹಾಯಧನ ಈ ಖಾತೆಗೆ ಬರಲಿ" ಅನ್ನುವ ಚೌಕದಲ್ಲಿ ಟಿಕ್ ಬಿದ್ದಿರುತ್ತದೆ. ಮುಂದಿನ ತಿಂಗಳು ಮಾಸಾಶನ ಹೊಸ ಖಾತೆಗೆ ಹೋಗುತ್ತದೆ. ಇವರು ಹಳೆಯ ಪಾಸ್‌ಬುಕ್ ಹಿಡಿದುಕೊಂಡು ಬರುತ್ತಾರೆ, ಎಂಟ್ರಿ ಇರುವುದಿಲ್ಲ. ದುಡ್ಡು ಹೊಸ ಖಾತೆಯಲ್ಲಿ ಸುಮ್ನೆ ಕೂತಿರುತ್ತದೆ, ಇವರು ನಿಂತೇಹೋಯಿತು ಅಂತ ಅಳುತ್ತಾ ನಾಡಕಚೇರಿಗೆ ಹೋಗುತ್ತಾರೆ.

ಹಾಗಾಗಿ ತಂಗಿ, ಹೊಸ ಬ್ಯಾಂಕಿಗೆ ಹೋಗಬೇಡಿ. ಮಾಸಾಶನ ಬರುವ ಬ್ಯಾಂಕಿನಲ್ಲೇ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ, ತೆಗೆಯಿರಿ. ತಿಂಗಳಿಗೆ 600ರಂತೆ ಎರಡು ವರ್ಷ ಅಂದರೆ ಅಸಲೇ 14,400 ಆಗುತ್ತದೆ, ಮೇಲೆ ಬಡ್ಡಿ. ಎರಡೂ ಅಲ್ಲೇ ಇದ್ದರೆ ಕಂತು ತಾನಾಗಿ ಕಟ್ ಆಗುವ ಹಾಗೆ ಬರೆದುಕೊಡಬಹುದು, ಪ್ರತಿ ತಿಂಗಳು ಹೋಗಿಬರುವ ಕಷ್ಟ ತಪ್ಪುತ್ತದೆ. ಅಂಚೆ ಕಚೇರಿಯ ಆರ್‌ಡಿ 100 ರೂಪಾಯಿಯಿಂದ ಶುರು, ಆದರೆ ಐದು ವರ್ಷದ್ದು. ದೂರದ ಖರ್ಚಿಗೆ ಅದು ಒಳ್ಳೆಯದು, ಮಿಷನ್‌ಗೆ ತಡವಾಗುತ್ತದೆ.

ಒಂದು ಎಚ್ಚರ. ಮಾಸಾಶನ ಒಮ್ಮೊಮ್ಮೆ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬರುತ್ತದೆ. ಅಂಚೆ ಆರ್‌ಡಿಯಲ್ಲಿ ಕಂತು ತಪ್ಪಿದರೆ 100 ರೂಪಾಯಿಗೆ ತಿಂಗಳಿಗೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದ ಮೇಲೆ ಖಾತೆಯೇ ನಿಂತುಹೋಗುತ್ತದೆ. ಅದಕ್ಕೇ ಶಕ್ತಿ ಮೀರಿ ದೊಡ್ಡ ಕಂತು ಹಾಕಿಕೊಳ್ಳಬೇಡಿ. ಮೊದಲು ಮೂರು ಕಂತಿನಷ್ಟು ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡು ಆಮೇಲೆ ಆರ್‌ಡಿ ಶುರು ಮಾಡಿ.

ನಿಮ್ಮದು ಜನಧನ್ ಅಥವಾ ಬಿಎಸ್‌ಬಿಡಿ ಅನ್ನುವ ಮೂಲ ಉಳಿತಾಯ ಖಾತೆಯಾ ಅಂತ ಕೇಳಿಕೊಳ್ಳಿ. ಈ ಎರಡಕ್ಕೂ ಕನಿಷ್ಠ ಬಾಕಿ ಬೇಕಿಲ್ಲ, ತಿಂಗಳಿಗೆ ನಾಲ್ಕು ಸಲ ಪುಕ್ಕಟೆಯಾಗಿ ಹಣ ತೆಗೆಯಬಹುದು. ಬೇರೆ ಥರದ ಖಾತೆ ಆಗಿದ್ದರೆ ಕನಿಷ್ಠ ಬಾಕಿಯ ದಂಡ ಅಂತ ನಿಮ್ಮ ಮಾಸಾಶನದಲ್ಲೇ ಕಿತ್ತುಕೊಳ್ಳಬಹುದು.

ಸೂಜಿದಾರ, ಹರಿಹರ

ರಾಯರೇ, ಇಷ್ಟು ಬಿಡಿಸಿ ಇದುವರೆಗೆ ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ. ಹಾಗಾದರೆ ಅಮ್ಮನ ಖಾತೆ ಬೇಡವಾ? ಅವರಿಗೆ ಸಂಧ್ಯಾ ಸುರಕ್ಷಾ 1,200 ಬರುತ್ತದೆ, ಖಾತೆ ಸರಿಯಾಗಿಯೇ ಇದೆ. ಬ್ಯಾಂಕಿಗೆ ಮೆಟ್ಟಿಲು ಬೇರೆ. ಅಮ್ಮ ಹೋದರೆ ಸುಲಭ.

ಮೇಷ್ಟ್ರು, ಮದ್ದೂರು

ಬೇಡ ಅಮ್ಮಾ, ಅದೊಂದು ಬೇಡ. ಇಲ್ಲಿ ಯಾರೂ ಹೇಳದ ಒಂದು ವಿಷಯ ಇದೆ.

ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂತು. 65 ದಾಟಿದವರಿಗೆ. ಅದರ ಷರತ್ತುಗಳಲ್ಲಿ ಠೇವಣಿಯ ಮಾತು ಇದೆ. ಫಲಾನುಭವಿ ಮತ್ತು ಅವರ ಗಂಡ ಅಥವಾ ಹೆಂಡತಿ, ಇಬ್ಬರ ಹೆಸರಲ್ಲಿರುವ ಠೇವಣಿ ಸೇರಿ 10,000 ಮೀರಬಾರದು. ಈ ಊರಮಾತಿನ ಬೇರು ಅಲ್ಲೇ ಇದೆ ಅಂತ ನನ್ನ ಲೆಕ್ಕ. ವಯಸ್ಸಾದವರ ಯೋಜನೆಯ ಷರತ್ತು ಬಾಯಿಂದ ಬಾಯಿಗೆ ಹೋಗಿ ಅಂಗವಿಕಲರ ಮಾಸಾಶನಕ್ಕೂ ಅಂಟಿಕೊಂಡಿದೆ. ಎರಡನ್ನೂ ಜನ "ಪಿಂಚಣಿ" ಅಂತಲೇ ಕರೆಯುತ್ತಾರೆ, ಎರಡಕ್ಕೂ ಒಂದೇ ನಾಡಕಚೇರಿ, ಒಂದೇ ಸಾಲು.

ಈಗ ನೋಡಿ. ನಿಮ್ಮ ಹೆಸರಲ್ಲಿ 15,000 ಇದ್ದರೆ ನಿಮ್ಮ ಮಾಸಾಶನಕ್ಕೆ ತೊಂದರೆ ಇಲ್ಲ. ಅದೇ 15,000 ಅಮ್ಮನ ಹೆಸರಲ್ಲಿ ಠೇವಣಿ ಆದರೆ ಅವರ ಯೋಜನೆಯ ಷರತ್ತಿಗೆ ತಾಗುತ್ತದೆ. ನಿಮ್ಮ ದುಡ್ಡು ಕಾಪಾಡಲು ಹೋಗಿ ಅವರ 1,200ಕ್ಕೆ ಕುತ್ತು ತಂದಂತೆ.

ಸಿಂಧನೂರಿನವರೂ ಇದನ್ನು ನೆನಪಿಡಿ. ನಿಮಗೆ 800 ಬರುತ್ತದೆ. 65 ಆದಾಗ 1,200ರ ಸಂಧ್ಯಾ ಸುರಕ್ಷಾಕ್ಕೆ ಬದಲಾಯಿಸೋಣ ಅನಿಸುತ್ತದೆ, ಎರಡೂ ಒಟ್ಟಿಗೆ ಕೊಡುವುದಿಲ್ಲ. ಆವಾಗ ಠೇವಣಿಯ ಪ್ರಶ್ನೆ ಏಳುತ್ತದೆ. 2007ರ 10,000 ಇವತ್ತಿಗೂ 10,000 ಆಗಿರುವುದು ನನಗೆ ಬಹಳ ನೋವಿನ ವಿಷಯ. ಮಣ್ಣು ಮಾಡುವ ಖರ್ಚಿಗೆ ಅಂತ ಮುದುಕಿಯರು ಇಟ್ಟುಕೊಳ್ಳುವ ದುಡ್ಡೇ ಅದಕ್ಕಿಂತ ಜಾಸ್ತಿ ಇರುತ್ತದೆ.

ಪಂಚಾಯ್ತಿ ವಿಆರ್‌ಡಬ್ಲ್ಯೂ, ರಾಣೆಬೆನ್ನೂರು ತಾಲ್ಲೂಕು

ಮೇಷ್ಟ್ರು ಹೇಳಿದ್ದು ಸರಿ. ಅಮ್ಮನ ಯೋಜನೆ ಯಾವುದು ಅಂತ ನಾನೇ ಮೊದಲು ಕೇಳಬೇಕಿತ್ತು. ಮೆಟ್ಟಿಲಿನ ವಿಷಯಕ್ಕೆ: ಬ್ಯಾಂಕ್ ಮಿತ್ರರು ಇದ್ದಾರೆ, ಬೆರಳಚ್ಚು ಕೊಟ್ಟು ಮನೆ ಹತ್ತಿರವೇ ಹಣ ತೆಗೆಯಬಹುದು, ಹಾಕಬಹುದು. ಪೋಸ್ಟ್‌ಮ್ಯಾನ್ ಹತ್ತಿರವೂ ಆ ಯಂತ್ರ ಇರುತ್ತದೆ. ಬೆರಳು ಒತ್ತಿದ ಮೇಲೆ ರಸೀದಿ ಕೇಳಿ ತಗೊಳ್ಳಿ. 500 ಕೊಟ್ಟು ಸಾವಿರ ಅಂತ ಬರೆದುಕೊಂಡ ಉದಾಹರಣೆ ನಮ್ಮ ಕಡೆ ಆಗಿದೆ. ಎಟಿಎಂ ಪಿನ್ ಯಾರಿಗೂ ಕೊಡಬೇಡಿ, ಸೈಬರ್ ಅಂಗಡಿಯವರಿಗಂತೂ ಬೇಡವೇ ಬೇಡ.

ಪುಟ್ಟನ ಅಮ್ಮ, ಶಿವಮೊಗ್ಗ

ನಮ್ಮದು ಬೇರೆ ಥರದ ಕಷ್ಟ. ಮಗನಿಗೆ ಬುದ್ಧಿಮಾಂದ್ಯತೆ. ಅವನಿಗೆ 2,000 ಬರುತ್ತದೆ. ಹದಿನೆಂಟು ತುಂಬುವ ತನಕ ನಾನೇ ಖಾತೆ ನೋಡಿಕೊಳ್ಳುತ್ತಿದ್ದೆ. ಹದಿನೆಂಟಾದ ಮೇಲೆ ಬ್ಯಾಂಕಿನವರು ಅವನ ಸಹಿ ಬೇಕು ಅಂದರು. ಅವನಿಗೆ ಸಹಿ ಬರುವುದಿಲ್ಲ. ತಾಯಿ ಅಂದರೂ ಕೇಳಲಿಲ್ಲ. ಅವನ ದುಡ್ಡು ಅವನ ಖಾತೆಯಲ್ಲೇ ಸಿಕ್ಕಿಕೊಂಡಿತು.

ಮನೆಯಲ್ಲಿ ಎಲ್ಲರೂ "ದೊಡ್ಡ ಮಗನ ಹೆಸರಲ್ಲಿ ಎಫ್‌ಡಿ ಮಾಡು, ತಮ್ಮನನ್ನು ಅವನೇ ನೋಡಿಕೊಳ್ಳುತ್ತಾನೆ" ಅಂದರು. ನಾನು ಒಪ್ಪಲಿಲ್ಲ. ದೊಡ್ಡವನು ಒಳ್ಳೆಯವನೇ. ಆದರೆ ಅವನಿಗೆ ಮದುವೆ ಆಗುತ್ತದೆ, ಸಾಲ ಆಗಬಹುದು, ನಾಳೆ ಏನೋ ಹೆಚ್ಚು ಕಡಿಮೆ ಆಗಬಹುದು. ಕಾನೂನಿನ ಲೆಕ್ಕದಲ್ಲಿ ಅದು ಅವನ ದುಡ್ಡು, ಪುಟ್ಟನದಲ್ಲ.

ಆಮೇಲೆ ದಾರಿ ಸಿಕ್ಕಿತು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಅಂತ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿ ಇರುತ್ತದೆ. ಕೋರ್ಟಿಗೆ ಹೋಗಬೇಕಿಲ್ಲ, ಆ ಸಮಿತಿಯೇ ಪಾಲಕತ್ವದ ಪ್ರಮಾಣಪತ್ರ ಕೊಡುತ್ತದೆ. ಬ್ಯಾಂಕುಗಳು ಅದನ್ನು ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಕೈಗೆ ಬರಲು ತಡವಾಯಿತು, ಓಡಾಟ ಆಯಿತು, ಆದರೆ ಬಂತು. ಈಗ ಖಾತೆ ಅವನ ಹೆಸರಲ್ಲೇ ಇದೆ, ಪಾಲಕಿಯಾಗಿ ನಾನು ನಡೆಸುತ್ತೇನೆ.

ಹದಿನೇಳು ತುಂಬಿದ ಮಕ್ಕಳಿರುವ ಅಮ್ಮಂದಿರು ಇದನ್ನು ಓದುತ್ತಿದ್ದರೆ ಈಗಲೇ ಕಾಗದ ಜೋಡಿಸಿಕೊಳ್ಳಿ. ಅದೇ ಟ್ರಸ್ಟಿನ ನಿರಾಮಯ ವಿಮೆಯೂ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ನಮ್ಮ ಉಳಿತಾಯ ಕರಗುತ್ತಿದ್ದದ್ದೇ ಥೆರಪಿಗೆ ಮತ್ತು ಮಾತ್ರೆಗೆ. ವಿಮೆ ಬಂದ ಮೇಲೆ ಅಷ್ಟಿಷ್ಟು ಕೈಯಲ್ಲಿ ನಿಲ್ಲುತ್ತಿದೆ.

ಡಲ್ಲಾಸ್ ಕನ್ನಡತಿ

ಅಮೆರಿಕದಿಂದ ಬರೆಯುತ್ತಿದ್ದೇನೆ. "ಖಾತೆಯಲ್ಲಿ ದುಡ್ಡು ಇಡಬೇಡ" ಅನ್ನುವ ಹೆದರಿಕೆ ಇಲ್ಲಿ ನಿಜ. ಊರಿನವರು ಇಲ್ಲಿಯ ವಿಡಿಯೋ ನೋಡಿ ಅಲ್ಲಿಗೂ ಅದೇ ಅಂದುಕೊಳ್ಳಬಾರದು ಅಂತ ಬರೆಯುತ್ತಿದ್ದೇನೆ.

ಮಗಳಿಗೆ ಎಸ್‌ಎಸ್‌ಐ ಬರುತ್ತದೆ. ಬಡ ಅಂಗವಿಕಲರಿಗೆ, ವಯಸ್ಸಾದವರಿಗೆ ಕೊಡುವ ಹಣ. 2026ಕ್ಕೆ ಒಬ್ಬರಿಗೆ ಹೆಚ್ಚೆಂದರೆ ತಿಂಗಳಿಗೆ 994 ಡಾಲರ್. ಅದನ್ನು ಪಡೆಯುವವರ ಹೆಸರಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಇರಬಾರದು. ಗಂಡ ಹೆಂಡತಿಗಾದರೆ 3,000. ವಾಸದ ಮನೆ, ಒಂದು ಕಾರು ಲೆಕ್ಕಕ್ಕಿಲ್ಲ. ಈ 2,000 ಅನ್ನುವ ಮಿತಿ 1989ರಿಂದ ಒಂದು ಡಾಲರ್ ಕೂಡ ಏರಿಲ್ಲ. ಮೇಷ್ಟ್ರು 10,000ದ ವಿಷಯ ಬರೆದದ್ದು ಓದಿ ಅದೇ ಸಂಕಟ ನೆನಪಾಯಿತು. ದುಡಿದು ಕಟ್ಟಿದ ವಿಮೆಯಿಂದ ಬರುವ ಎಸ್‌ಎಸ್‌ಡಿಐಗೆ ಇಂಥ ಆಸ್ತಿ ಮಿತಿ ಇಲ್ಲ, ಎರಡನ್ನೂ ಬೆರೆಸಬೇಡಿ.

ಇಲ್ಲಿರುವ ಕನ್ನಡದ ಮನೆಗಳಿಗೆ ಒಂದು ಮಾತು. ಊರಲ್ಲಿ ಅಜ್ಜಿ ಪ್ರೀತಿಯಿಂದ ಮೊಮ್ಮಗಳ ಹೆಸರಲ್ಲಿ ಎಫ್‌ಡಿ ಇಡುತ್ತಾರೆ. ಅದು ಅವಳ ಆಸ್ತಿಯೇ. ಭಾರತದಲ್ಲಿದೆ ಅಂದಮಾತ್ರಕ್ಕೆ ಲೆಕ್ಕದಿಂದ ಹೊರಗೆ ಉಳಿಯುವುದಿಲ್ಲ, ತಿಳಿಸಲೇಬೇಕು. ಅದರ ಬದಲು ಅಂಗವಿಕಲರ ಉಳಿತಾಯಕ್ಕೆ ಅಂತಲೇ ಇರುವ ಏಬಲ್ ಖಾತೆ ತೆಗೆಯಿರಿ. 2014ರ ಕಾನೂನಿನಿಂದ ಬಂದದ್ದು. ಅದರಲ್ಲಿ ಒಂದು ಲಕ್ಷ ಡಾಲರ್‌ವರೆಗೆ ಇದ್ದರೂ ಎಸ್‌ಎಸ್‌ಐಗೆ ತೊಂದರೆ ಇಲ್ಲ. ಮೊದಲು 26 ವರ್ಷದ ಒಳಗೆ ಅಂಗವಿಕಲತೆ ಬಂದವರಿಗೆ ಮಾತ್ರ ಇತ್ತು. 2026ರ ಜನವರಿಯಿಂದ ಅದು 46 ಆಗಿದೆ. ಮಧ್ಯವಯಸ್ಸಿನಲ್ಲಿ ಪೆಟ್ಟಾದವರು, ಕಾಯಿಲೆ ಬಂದವರು ಈಗ ವಿಚಾರಿಸಬಹುದು.

ಹಮಾಲರ ಓಣಿ, ಸಿಂಧನೂರು

ಅಕ್ಕ, ಅಲ್ಲೂ ಹೀಗೇನಾ! ನನಗೆ ಅಮೆರಿಕ ಅಂದರೆ ಎಲ್ಲಾ ಸರಿ ಇರುತ್ತದೆ ಅಂತಿತ್ತು.

ಊರಲ್ಲಿ ಒಬ್ಬರ ಹತ್ತಿರ ಚೀಟಿ ಹಾಕು ಅಂತ ಕರೆಯುತ್ತಿದ್ದಾರೆ. ತಿಂಗಳಿಗೆ 500. ಬ್ಯಾಂಕಿಗಿಂತ ಜಾಸ್ತಿ ಸಿಗುತ್ತದಂತೆ. ಹಾಕಲಾ?

ಸಂಜೀವಿನಿ ಸಂಘ, ಕೊಪ್ಪಳ

ಹಾಕಬೇಡಿ ಅಣ್ಣ. ನೋಂದಣಿ ಇಲ್ಲದ ಚೀಟಿ ನಡೆಸುವವರು ಓಡಿಹೋದರೆ ನಿಮ್ಮ ಹತ್ತಿರ ಕಾಗದವೇ ಇರುವುದಿಲ್ಲ, ದೂರು ಕೊಡಲು ಕೂಡ ಕಷ್ಟ. ಚೀಟಿಯೇ ಬೇಕು ಅಂದರೆ ಸರ್ಕಾರದ ಎಂಎಸ್‌ಐಎಲ್ ನಡೆಸುವ ಚೀಟಿ ಇದೆ, ಆದರೆ 800ರಲ್ಲಿ ಅದರ ಕಂತು ಏಗುವುದು ಕಷ್ಟ.

ನಾವು ಮಾಡಿದ್ದು ಹೇಳುತ್ತೇನೆ. ಸ್ವಸಹಾಯ ಸಂಘಕ್ಕೆ ಸಾಮಾನ್ಯವಾಗಿ ಹತ್ತು ಜನ ಬೇಕು ಅನ್ನುತ್ತಾರೆ. ಅಂಗವಿಕಲರ ಸಂಘಕ್ಕೆ ಐದು ಜನ ಸಾಕು. ಗಂಡಸರೂ ಇರಬಹುದು. ಇದು ಎನ್‌ಆರ್‌ಎಲ್‌ಎಂ ಅನ್ನುವ ಕೇಂದ್ರದ ಗ್ರಾಮೀಣ ಜೀವನೋಪಾಯ ಯೋಜನೆಯ ನಿಯಮದಲ್ಲೇ ಇದೆ, ಆದರೆ ಯಾರೂ ಹೇಳುವುದಿಲ್ಲ. ವಾರಕ್ಕೆ ಒಂದು ಸಲ ಸೇರುತ್ತೇವೆ, ಕೈಲಾದಷ್ಟು ಹಾಕುತ್ತೇವೆ, ಅದರಲ್ಲೇ ಸಾಲ ಕೊಡುತ್ತೇವೆ, ಪುಸ್ತಕ ಬರೆಯುತ್ತೇವೆ. ನಮ್ಮಲ್ಲಿ ಒಬ್ಬರಿಗೆ ಕಣ್ಣು ಕಾಣುವುದಿಲ್ಲ, ಪುಸ್ತಕದಲ್ಲಿ ಬರೆದದ್ದನ್ನು ಪ್ರತಿ ಸಲ ಗಟ್ಟಿಯಾಗಿ ಓದಿ ಹೇಳಬೇಕು ಅಂತ ಅವರೇ ಪಟ್ಟು ಹಿಡಿದರು. ಅದರಿಂದ ಎಲ್ಲರಿಗೂ ಲೆಕ್ಕ ಬಾಯಿಗೆ ಬಂತು. ಮೊದಲು ಆಸ್ಪತ್ರೆ ಖರ್ಚು ಬಂದರೆ ಬಡ್ಡಿಗೆ ಕೊಡುವವರ ಮನೆಗೆ ಹೋಗುತ್ತಿದ್ದೆವು. ಈಗ ಹೋಗುವುದಿಲ್ಲ.

ಬಸ್ ಪಾಸ್ ಮಾಡಿಸಿದ್ದೀರಾ? ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್ ಒಳಗೆ ಎಷ್ಟು ಸಲ ಬೇಕಾದರೂ ಓಡಾಡಬಹುದು. ಹೆಂಗಸರಿಗೆ ಶಕ್ತಿ ಯೋಜನೆ ಇದೆ, ನಿಮಗೆ ಈ ಪಾಸೇ ಗತಿ. ಕಾಲಿನ ದುರಸ್ತಿಗೆ, ಆಸ್ಪತ್ರೆಗೆ ಹೋಗಿಬರುವ ಚಾರ್ಜ್ ಉಳಿದರೂ ಅದು ಉಳಿತಾಯವೇ ಅಲ್ವಾ.

ಲೆಡ್ಜರ್ ರಾಯರು, ಧಾರವಾಡ

ಸಂಘದವರು ಒಳ್ಳೆಯ ಮಾತು ಹೇಳಿದಿರಿ. ಇಷ್ಟು ಸೇರಿಸುತ್ತೇನೆ. ಖಾತೆಗೂ ಆರ್‌ಡಿಗೂ ನಾಮಿನಿ ಹೆಸರು ಬರೆಸಿ. ಕೆವೈಸಿ ಕೇಳಿ ಸಂದೇಶ ಬಂದರೆ ಬ್ಯಾಂಕಿಗೇ ಹೋಗಿ ಕೊಡಿ, ಫೋನಿನಲ್ಲಿ ಬಂದ ಲಿಂಕ್ ಒತ್ತಬೇಡಿ. ವರ್ಷಗಟ್ಟಲೆ ಖಾತೆ ಮುಟ್ಟದೆ ಬಿಡಬೇಡಿ, ಆಗಾಗ ಸ್ವಲ್ಪ ತೆಗೆಯುತ್ತಾ, ಪಾಸ್‌ಬುಕ್ ಎಂಟ್ರಿ ಹಾಕಿಸುತ್ತಾ ಇರಿ.

ಸೂಜಿದಾರ, ಹರಿಹರ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬ್ಯಾಂಕಿಗೆ ಹೋಗಿದ್ದೆ. ಆಧಾರ್ ಜೋಡಣೆ ಇದೇ ಖಾತೆಗೆ ಇದೆ ಅಂತ ಖಚಿತ ಮಾಡಿಕೊಂಡೆ. ಖಾತೆ ಜನಧನದ್ದೇ. ನಾಮಿನಿ ಬರೆಸಿದೆ. ಮೂರು ಕಂತಿನಷ್ಟು ಸೇರುವ ತನಕ ಆರ್‌ಡಿ ಶುರು ಮಾಡುವುದಿಲ್ಲ, ರಾಯರು ಹೇಳಿದ ಹಾಗೆ. ಅಮ್ಮನಿಗೆ 10,000ದ ವಿಷಯ ಹೇಳಿದೆ. ಅವರು ಒಪ್ಪಿದರು, ದುಡ್ಡು ನನ್ನ ಹೆಸರಲ್ಲೇ ಇರಲಿ ಅಂದರು.

ಮಿಷನ್‌ಗೆ ಅರ್ಜಿ ಹಾಕುತ್ತೇನೆ. ಸಿಕ್ಕರೆ ಉಳಿಸಿದ ದುಡ್ಡಿನಲ್ಲಿ ಲೈನಿಂಗ್ ಬಟ್ಟೆ, ದಾರ ಸಗಟಿನಲ್ಲಿ ತರಬಹುದು. ಒಂದು ಪ್ರಶ್ನೆ ಉಳಿದಿದೆ. ಹೊಲಿಗೆಯ ಆದಾಯ ಜಾಸ್ತಿಯಾಗಿ 32,000 ದಾಟಿದರೆ ಏನು ಮಾಡಬೇಕು? ಮುಚ್ಚಿಡಲು ನನಗೆ ಇಷ್ಟ ಇಲ್ಲ.

ಪಂಚಾಯ್ತಿ ವಿಆರ್‌ಡಬ್ಲ್ಯೂ, ರಾಣೆಬೆನ್ನೂರು ತಾಲ್ಲೂಕು

ಮುಚ್ಚಿಡಬೇಡಿ ಅಕ್ಕ. ಒಂದು ಪುಸ್ತಕ ಇಟ್ಟುಕೊಳ್ಳಿ. ಗಿರಾಕಿ ಕೊಟ್ಟದ್ದು ಒಂದು ಕಡೆ, ದಾರ, ಲೈನಿಂಗ್, ಕರೆಂಟು, ರಿಪೇರಿ ಇನ್ನೊಂದು ಕಡೆ. ಖರ್ಚು ಕಳೆದು ಕೈಯಲ್ಲಿ ಉಳಿದದ್ದು ನಿಮ್ಮ ಆದಾಯ. ಸುಮಾರು ಜನ ಬಂದದ್ದನ್ನೆಲ್ಲ ಆದಾಯ ಅಂತ ಬರೆಸಿ ಸುಮ್ನೆ ಮಿತಿ ದಾಟಿಸಿಕೊಳ್ಳುತ್ತಾರೆ. ನಿಜವಾಗಿ ದಾಟಿದರೆ ಹೊಸ ಆದಾಯ ಪ್ರಮಾಣಪತ್ರ ಮಾಡಿಸುವಾಗ ಇದ್ದದ್ದೇ ಹೇಳಬೇಕಾಗುತ್ತದೆ. ಮಾಸಾಶನ ಹೋದರೂ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್, ಬಸ್ ಪಾಸ್ ನಿಮ್ಮ ಹತ್ತಿರವೇ ಇರುತ್ತವೆ, ಅವಕ್ಕೆ ಈ 32,000ದ ಮಿತಿ ಇಲ್ಲ.

ಮಿತಿ ಏರಿಸಿ ಅಂತ ಒಂದು ಮನವಿ ಬರೆಯುತ್ತಿದ್ದೇನೆ. ಸಿಂಧನೂರಿನ ಅಣ್ಣ ಕೊಟ್ಟ 2,666ರ ಲೆಕ್ಕ, ಮೇಷ್ಟ್ರು ಹೇಳಿದ 10,000ದ ಠೇವಣಿಯ ಷರತ್ತು ಎರಡನ್ನೂ ಸೇರಿಸುತ್ತೇನೆ. ಸಹಿ ಹಾಕುವವರು ನಿಮ್ಮ ತಾಲ್ಲೂಕಿನ ಹೆಸರು ಇಲ್ಲಿ ಬರೆಯಿರಿ.

ಹಮಾಲರ ಓಣಿ, ಸಿಂಧನೂರು

ಸಿಂಧನೂರು. ನಮ್ಮ ಓಣಿಯಲ್ಲಿ ಇನ್ನೂ ಕೆಲವರು ಇದ್ದಾರೆ, ಅವರದ್ದೂ ತರುತ್ತೇನೆ.

ಪುಟ್ಟನ ಅಮ್ಮ, ಶಿವಮೊಗ್ಗ

ಶಿವಮೊಗ್ಗ. ಪುಟ್ಟನ ಹೆಸರೂ ಹಾಕಿ, ಪಾಲಕಿಯಾಗಿ ನಾನು ಸಹಿ ಮಾಡುತ್ತೇನೆ.